ಮನೆ ತೋರಿಸಿದವಳಿಗೆ ಒಂದು ಖಣ

ನನಗೆ ಸಿಟ್ಟು ಬರಿಸಲೆಂದೇ ನಾಲ್ಕು ತಾಲ್ಲೂಕಿನ ಗಂಡಸರು ಪಾಳಿ ಹಚ್ಚಿ ನಿಂತಿರುತ್ತಾರೋ ಏನೋ, ಇಂಥದ್ದೆಲ್ಲ ನನಗೇ ಆಗುತ್ತದೆ. ಒಂದು ಮುಗಿಯಿತು ಎಂದು ಉಸಿರು ಬಿಡುವಷ್ಟರಲ್ಲಿ ಇನ್ನೊಂದು. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ನಾನು ಗಂಟು ಹೊತ್ತುಕೊಂಡು ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯ ಊರುಗಳಲ್ಲಿ ಮನೆಮನೆಗೆ ಹೋಗಿ ಸೀರೆ ಮತ್ತು ಕುಪ್ಪಸದ ಖಣ ಮಾರುತ್ತಿದ್ದೆ. ಎಲ್ಲರ ಬಾಯಲ್ಲೂ ನಾನು ‘ಖಣದಕ್ಕ’. ಪರಗಂಡಸರು ಕಟ್ಟೆಯವರೆಗೆ ಮಾತ್ರ, ನಾನು ಅಡುಗೆಮನೆಯವರೆಗೆ. ಹಾಗಾಗಿ ಯಾವ ಮನೆ ಮಾರಾಟಕ್ಕೆ ಬರುತ್ತದೆ ಎಂಬುದು ಊರ ದಲಾಲರಿಗಿಂತ ಮೊದಲೇ ನನಗೆ ತಿಳಿಯುತ್ತಿತ್ತು. ತಿಳಿದದ್ದನ್ನು ಕೊಳ್ಳುವವರ ಕಿವಿಗೆ ಹಾಕುತ್ತಿದ್ದೆ, ವ್ಯವಹಾರ ಕುದುರುತ್ತಿತ್ತು. ದಲಾಲಿ ರೊಕ್ಕ ಮಾತ್ರ ಯಾವನೋ ಗಂಡಸಿಗೆ. ನನ್ನ ಉಡಿಗೆ ಒಂದು ಖಣ. ಖಣ ಮಾರುವವಳಿಗೆ ಖಣ! ನನಗೆ ಬೇಕಾಗಿದ್ದದ್ದು ಒಂದೇ: ಒಮ್ಮೆಯಾದರೂ ನನ್ನ ದಲಾಲಿ ಎಲ್ಲರೆದುರಿಗೆ ನನ್ನ ಕೈಗೆ ಬೀಳಬೇಕು. ಅದಕ್ಕಾಗಿ ನಾನು ಕಾಯ್ದ ಜಗಳಗಳಲ್ಲಿ ಕೆಲವನ್ನು ಕೇಳಿ.

ಎರಡು ಒಲೆ

ಮಾರುವ ಮನೆ ಹುಡುಕುವುದು ಹೇಗೆ ಎಂದು ಕೇಳುವವರಿಗೆ ಹೇಳುತ್ತೇನೆ, ಪುಕ್ಕಟೆ ತೆಗೆದುಕೊಳ್ಳಿ. ನನ್ನಿಂದ ಪುಕ್ಕಟೆ ತೆಗೆದುಕೊಳ್ಳುವುದು ನಮ್ಮ ಜನಕ್ಕೆ ಹೊಸದೇನಲ್ಲ. ಬಾಗಿಲು ನೋಡಬೇಡಿ, ಒಲೆ ನೋಡಿ. ಒಂದೇ ಮನೆಯಲ್ಲಿ ಎರಡನೆಯ ಒಲೆ ಹೂಡಿದರು ಎಂದರೆ ಅಣ್ಣತಮ್ಮಂದಿರು ಬೇರೆಯಾದರು ಎಂದೇ ಅರ್ಥ. ನಡುವೆ ಗೋಡೆ ಎಬ್ಬಿಸುವಷ್ಟು ಜಾಗವಿಲ್ಲದಿದ್ದರೆ ಆ ಮನೆ ಬಹಳ ದಿನ ಅವರ ಕೈಯಲ್ಲಿ ಉಳಿಯುವುದಿಲ್ಲ.

ಹಾನಗಲ್ಲಿನ ಒಂದು ಮನೆಯಲ್ಲಿ ಎರಡನೆಯ ಒಲೆಯ ಮಣ್ಣು ಇನ್ನೂ ಹಸಿಯಿತ್ತು. ಅದೇ ಓಣಿಯಲ್ಲಿ ಬಾಡಿಗೆಗಿದ್ದ ಮಾಸ್ತರೊಬ್ಬರು ಸ್ವಂತ ಮನೆ ಹುಡುಕುತ್ತಿದ್ದರು. ನಾನು ಮಾಸ್ತರ ಹೆಂಡತಿಗೆ ಹೇಳಿದೆ. ಹಿರಿಯ ಸೊಸೆಯನ್ನು ಒಪ್ಪಿಸಿದೆ, ಕಿರಿಯ ಸೊಸೆಯ ಕಣ್ಣೀರು ಒರೆಸಿದೆ. ಎದುರುಬದುರು ಮಾತಾಡದ ಅಣ್ಣತಮ್ಮಂದಿರು ಹೆಂಡಂದಿರ ಮೂಲಕ ಒಂದೇ ದರಕ್ಕೆ ಬಂದು ನಿಂತರು. ಸಂಚಕಾರದ ದಿನ, ಎಂದರೆ ಮುಂಗಡ ಕೊಟ್ಟು ಮಾತು ಗಟ್ಟಿ ಮಾಡುವ ದಿನ, ಎಂದೂ ಆ ಓಣಿಗೆ ಕಾಲಿಡದ ದಲಾಲನೊಬ್ಬ ತಲೆಗೆ ಪಟಗ ಸುತ್ತಿಕೊಂಡು ಬಂದು ನಟ್ಟನಡುವೆ ಕುಳಿತ. ಪೇಢೆ ತಿಂದ. “ದೇವರ ದಯಾ, ಎಲ್ಲಾ ಛಲೋ ಆತು” ಎಂದ. ಎರಡೂ ಕಡೆಯ ದಲಾಲಿ ಕಿಸೆಗೆ ಹಾಕಿಕೊಂಡು ಹೋದ.

ನಾನು ಹಿರಿಯಣ್ಣನನ್ನು ಕೇಳಿದೆ, “ಅಣ್ಣಾರ, ನಂದೇನ್ರಿ?”

“ನಿನ್ನ ಮರಿತೇವೇನವಾ ಖಣದಕ್ಕ?” ಎಂದವನೇ ಒಳಗೆ ಕೂಗಿದ, “ಏ, ಆಕಿಗೆ ಉಡಿ ತುಂಬಿ ಕಳಸ್ರಿ!”

ಅಕ್ಕಿ ಬಂತು, ಕೊಬ್ಬರಿ ಬಟ್ಟಲು ಬಂತು, ಖಣ ಬಂತು. ಹಸಿರು ಮೈ, ಕೆಂಪು ಅಂಚು, ಮೂಲೆಯಲ್ಲಿ ಬಣ್ಣ ಹತ್ತಿದ ಒಂದು ಕಲೆ. ಆ ಕಲೆಯ ಗುರುತು ನನಗೆ ಚೆನ್ನಾಗಿತ್ತು. ಪಂಚಮಿ ಹಬ್ಬಕ್ಕೆ ಅದನ್ನು ಆ ಮನೆಯ ಹಿರಿಯ ಸೊಸೆಗೇ ಉದ್ರಿ ಕೊಟ್ಟಿದ್ದೆ.

“ತಂಗಿ, ಈ ಖಣದ ರೊಕ್ಕ ಇನ್ನೂ ನನಗ ಮುಟ್ಟಿಲ್ಲಲ್ಲ?” ಎಂದೆ.

ಆಕೆ ಗಲ್ಲಕ್ಕೆ ಕೈ ಹಚ್ಚಿದಳು. “ಹೌದಲ್ರೀ ಅಕ್ಕಾರ! ಹಂಗಾರ ಛಲೋ ಆತು ಬಿಡ್ರಿ, ನಿಮ್ಮ ಖಣ ನಿಮಗ ಬಂತು. ಇನ್ನ ನಮ್ಮ ಮ್ಯಾಲ ಬಾಕಿ ಏನೂ ಉಳೀಲಿಲ್ಲ.”

ಸ್ಕೂಟರಿನವನು

ಎಂಬತ್ತರ ದಶಕ ಹೊಕ್ಕ ಮೇಲೆ ಹುಬ್ಬಳ್ಳಿಯಿಂದ ಸ್ಕೂಟರ್ ಹತ್ತಿ ಹೊಸ ನಮೂನೆಯ ದಲಾಲನೊಬ್ಬ ಬರತೊಡಗಿದ. ಅವನು ಜಾಗ ಕೊಳ್ಳುತ್ತಲೇ ಇರಲಿಲ್ಲ. ಚೂರು ಸಂಚಕಾರ ಕೊಟ್ಟು ಕರಾರುಪತ್ರ ಬರೆಸಿಕೊಳ್ಳುವುದು, ಖರೀದಿಯ ಗಡುವು ಬರುವುದರೊಳಗೆ ಆ ಕರಾರನ್ನೇ ಇನ್ನೊಬ್ಬನಿಗೆ ಹೆಚ್ಚಿನ ದರಕ್ಕೆ ದಾಟಿಸುವುದು, ಇಷ್ಟೇ ಅವನ ಉದ್ಯೋಗ. “ಮಣ್ಣು ಮುಟ್ಟಬಾರದು ಖಣದಕ್ಕ, ಕೈ ಹೊಲಸಾಗ್ತಾವು” ಎಂದು ನನಗೇ ಬುದ್ಧಿ ಹೇಳಿದ ಮಹಾರಾಯ.

ಯಲವಿಗಿ ಸ್ಟೇಷನ್ನಿನ ಹತ್ತಿರ ಒಬ್ಬ ಮುದುಕನ ಖುಲ್ಲಾ ಜಾಗ ಅವನಿಗೆ ತೋರಿಸಿದವಳು ನಾನು. ಅವನು ಸ್ಕೂಟರಿನಿಂದ ಇಳಿಯಲೂ ಇಲ್ಲ, ಕುಳಿತಲ್ಲಿಂದಲೇ ಕತ್ತು ತಿರುಗಿಸಿ ನೋಡಿದ. ದಲಾಲಿ ಕೇಳಿದರೆ “ಅಳತಿ ಆಗ್ಲಿ, ಕೊಡ್ತೇನಿ” ಎಂದ. ಕರಾರು ಅವನ ಕೈಯಿಂದ ಸವಣೂರಿನ ಒಬ್ಬ ವೀಳ್ಯದೆಲೆ ವ್ಯಾಪಾರಿಯ ಕೈಗೆ ಹೋಯಿತು. ಅವನು ಲಾಭ ಇಟ್ಟುಕೊಂಡು ತನ್ನ ಬೀಗನಿಗೇ ದಾಟಿಸಿದ. ಯಾರೂ ಜಾಗ ನೋಡಲಿಲ್ಲ. ಎಲ್ಲರೂ ಕಾಗದದ ಮೇಲಿನ ‘ಮೂಡಣಕ್ಕೆ ಬೇವಿನ ಮರ’ ಎಂಬುದನ್ನು ಓದಿ ತಲೆಯಾಡಿಸಿದರು.

ಅಳತೆಯ ದಿನ ಮೂವರೂ ಬಂದರು. ಬಿಡುತ್ತೇನೆಯೇ, ನಾನೂ ಹೋದೆ. ನೋಡಿದರೆ ಬೇವಿನ ಮರವೇ ಇಲ್ಲ. ಬೀಗ ಗಡಿ ಇಲ್ಲಿಂದ ಎಂದ, ಎಲೆ ವ್ಯಾಪಾರಿ ಅಲ್ಲಿಂದ ಎಂದ. ಸ್ಕೂಟರಿನವನು ಮೊದಲ ಬಾರಿಗೆ ಕೆಳಗಿಳಿದ, ಇಳಿದದ್ದು ಕೆಸರಿಗೆ. ಮೂವರ ಜಗಳದ ನಡುವೆ ನನ್ನ ದಲಾಲಿಯ ಮಾತು ಯಾರ ಕಿವಿಗೂ ಬೀಳಲಿಲ್ಲ. ಮೂರು ಜನ ಗಂಡಸರು ಒಂದು ಮರ ನೋಡಿಲ್ಲ, ಅದಕ್ಕೆ ನನ್ನ ಹೊಟ್ಟೆಯ ಮೇಲೆ ಹೊಡೆತ! ಮೈಯೆಲ್ಲ ಉರಿಯಿತು. ಮಾರಿದ ಮುದುಕ ಮಾತ್ರ ಹೊಸದಾಗಿ ಮಾಡಿಸಿದ ಹೊರಸು ಮಂಚದ ಮೇಲೆ ಕುಳಿತು ಆರಾಮವಾಗಿ ಎಲೆ ಅಡಿಕೆ ಜಗಿಯುತ್ತಿದ್ದ.

“ಮುತ್ಯಾ, ಮೂಡಣ ದಿಕ್ಕಿನ ಬೇವಿನ ಮರ ಎಲ್ಲೈತಿ?” ಎಂದು ಬೀಗ ಚೀರಿದ.

ಮುದುಕ ಹೊರಸಿನ ಕಾಲು ತಟ್ಟಿದ. “ನಿಮ್ಮ ಮೂಡಣ ದಿಕ್ಕಿನ ಮ್ಯಾಲ ನಾ ಕುಂತೇನಲ್ರಿ. ಭಾಳ ಗಟ್ಟಿ ಐತಿ, ಬರ್ರಿ, ನೀವೂ ಕುಂತ್ರಿ.”

ಟವೆಲ್ಲಿನೊಳಗಿನ ದರ

ಶಿಗ್ಗಾಂವಿಯಲ್ಲಿ ನನಗೆ ಗಂಟುಬಿದ್ದ ದಲಾಲ ಮೊದಲು ದನದ ಸಂತೆಯಲ್ಲಿದ್ದವನು. ಎತ್ತಿನ ದರವನ್ನು ಟವೆಲ್ ಮುಚ್ಚಿ, ಒಳಗೆ ಬೆರಳು ಒತ್ತಿ ಹೇಳುವುದು ಸಂತೆಯ ವಾಡಿಕೆ. ಮನೆ ವ್ಯಾಪಾರಕ್ಕೆ ಬಂದರೂ ಅವನು ಆ ಟವೆಲ್ ಬಿಡಲಿಲ್ಲ. ಚಹಾದಂಗಡಿಯಲ್ಲಿ ಕುಳಿತು ಮಾರುವವನ ಬೆರಳು ಒತ್ತಿ ಒಂದು ದರ, ಕೊಳ್ಳುವವನ ಬೆರಳು ಒತ್ತಿ ಇನ್ನೊಂದು ದರ. ನಡುವೆ ಉಳಿದದ್ದು ಟವೆಲ್ಲಿನ ಒಡೆಯನಿಗೆ. ಮೇಲೆ ದಲಾಲಿ ಬೇರೆ!

ಆ ಸಲದ ಮನೆ ನಾನು ಹುಡುಕಿದ್ದು. ಮಾರುವವನ ಹೆಂಡತಿ ನನಗೆ ಒಂದು ದರ ಹೇಳಿದ್ದಳು, ಕೊಳ್ಳುವವನ ಹೆಂಡತಿ ಬೇರೆಯೇ ಹೇಳಿದ್ದಳು. ನಾನು ನೆಟ್ಟಗೆ ಚಹಾದಂಗಡಿಗೆ ನುಗ್ಗಿದೆ. ಆಗ ಹೆಂಗಸರು ಅಲ್ಲಿಗೆ ಕಾಲಿಡುತ್ತಿರಲಿಲ್ಲ. ಅಂಗಡಿಯವನು ಗಾಬರಿಯಾಗಿ, “ಅಕ್ಕಾರ, ಕಿಟ್ಲಿ ತಂದೀರೇನ್ರಿ? ಚಹಾ ಹಾಕಿ ಕೊಡ್ತೇನಿ” ಎಂದ.

“ಇಲ್ಲೇ ಕುಂತು ಕುಡಿತೇನಿ” ಎಂದು ಬೆಂಚಿನ ಮೇಲೆ ಕುಳಿತೆ. ಬೆಂಚಿನ ಮೇಲಿದ್ದವರೆಲ್ಲ ಎದ್ದು ನಿಂತರು, ಗೌರವಕ್ಕಲ್ಲ, ಹೆದರಿಕೆಗೆ. ಮಾರುವವನು, ಕೊಳ್ಳುವವನು, ದಲಾಲ, ಮೂವರೂ ಎದುರಿಗೇ ಇದ್ದರು.

“ಈ ಮನಿ ತೋರಿಸಿದಾಕಿ ನಾನು. ದಲಾಲ್ಯಾಗ ಅರ್ಧ ನಂದು” ಎಂದೆ.

ದಲಾಲ ಹಲ್ಲು ಕಿಸಿದ. “ದಲಾಲಿ ಬೇಕಂದ್ರ ಟವೆಲ್‌ನ್ಯಾಗ ಕೈ ಹಾಕಬೇಕಾಗತೈತವಾ. ಹಾಕ್ತಿಯೇನು?”

ಅಂಗಡಿಯೆಲ್ಲ ನಕ್ಕಿತು. “ಹಾಕ್ತೇನಿ, ತಗಿ ಟವೆಲ್” ಎಂದು ಕೈ ಚಾಚಿದೆ. ಅವನು ಕೆಂಡ ಮುಟ್ಟಿದವನಂತೆ ಕೈಯನ್ನೂ ಟವೆಲ್ಲನ್ನೂ ಹಿಂದೆ ಎಳೆದುಕೊಂಡ. ಅವನ ಹೆಂಡತಿಯೂ ನನ್ನ ಗಿರಾಕಿ, ಅದು ಅವನಿಗೆ ಗೊತ್ತಿತ್ತು.

“ಬೆರಳು ಒಲ್ಲೆ ಅಂದ್ರ ಬಾಯಿಲೆ ಹೇಳ್ತೇನಿ ತಗೋ” ಎಂದವಳೇ ಎರಡೂ ದರ ಗಟ್ಟಿಯಾಗಿ ಕೂಗಿಬಿಟ್ಟೆ.

ಮಾರುವವನು ಕೊಳ್ಳುವವನನ್ನು ನೋಡಿದ. ಇಬ್ಬರೂ ಸೇರಿ ದಲಾಲನನ್ನು ನೋಡಿದರು. ಆಮೇಲೆ ಅಲ್ಲಿ ನಡೆದ ಬೈಗುಳಗಳನ್ನು ನಾನು ಬರೆಯಲಾರೆ, ಬರೆಯಬಾರದಂಥವು. ವ್ಯವಹಾರ ಮುರಿದು ಮೂವರೂ ಮೂರು ದಿಕ್ಕಿಗೆ ಹೋದರು. ಹೊಟ್ಟೆ ತಣ್ಣಗಾಗಿ ನಾನೂ ಮೆಟ್ಟಿಲು ಇಳಿಯಬೇಕು, ಅಂಗಡಿಯವನು ಅಡ್ಡ ಬಂದ. ಅಲ್ಲಿಯ ರೀತಿ ಏನೆಂದರೆ, ಯಾವ ದಲಾಲನಿಂದ ವ್ಯವಹಾರ ಮುರಿಯಿತೋ ಅವನೇ ಎಲ್ಲರ ಚಹಾದ ರೊಕ್ಕ ಕೊಡಬೇಕು.

“ಅಕ್ಕಾರ, ಮುರದಾವ್ರು ನೀವಲ್ರಿ?”

“ನಾ ದಲಾಲ ಅಲ್ಲಂತಲ್ಲೋ! ಈಗ ಎಲ್ಲಾರೂ ನಕ್ಕದ್ದು ಅದಕ್ಕ ಅಲ್ಲೇನು?”

ಅವನು ತಲೆ ಕೆರೆದುಕೊಂಡ. “ರೊಕ್ಕ ತಗೊಳ್ಳಾಕ ಅಲ್ರಿ. ಕೊಡಾಕ ಆಗ್ತೀರಿ.”

ಖುಷಿಯ ಹೆಬ್ಬೆಟ್ಟು

ಖರೀದಿ ಮುಗಿಯಬೇಕೆಂದರೆ ಕೊನೆಯ ಸಹಿಯವರೆಗೆ ಸಿಟ್ಟು ನುಂಗಿಕೊಂಡಿರಬೇಕು ಎಂದು ದಲಾಲರು ಹೇಳುತ್ತಾರೆ. ಸುಳ್ಳು. ಸಿಟ್ಟನ್ನು ಕೊನೆಯ ಸಹಿಗೆಂದೇ ಕಾಯ್ದಿಡಬೇಕು. ಇದನ್ನು ನನಗೆ ಕಲಿಸಿದವಳು ಅಬಲೂರಿಗೆ ಕೊಟ್ಟ ಒಬ್ಬ ಹೆಣ್ಣುಮಗಳು.

ಆಕೆಯ ತವರುಮನೆ ರಟ್ಟೀಹಳ್ಳಿಯಲ್ಲಿ. ಅಪ್ಪ ತೀರಿಹೋಗಿದ್ದ, ಅಣ್ಣ ಆ ಮನೆ ಮಾರಲು ಹೊರಟಿದ್ದ. ಕೊಳ್ಳುವವರನ್ನು ಕರೆತಂದವಳು ನಾನು. ಅಪ್ಪನ ಆಸ್ತಿ ಎಂದ ಮೇಲೆ ತಂಗಿಯ ಒಪ್ಪಿಗೆಯೂ ಬೇಕಲ್ಲ? ನಮ್ಮ ಕಡೆ ಅದಕ್ಕೊಂದು ರೂಢಿ ಇದೆ: ಅಣ್ಣ ಒಂದು ಸೀರೆ ಉಡಿಸುತ್ತಾನೆ, ತಂಗಿ ಹೆಬ್ಬೆಟ್ಟು ಒತ್ತಿ ಮನೆಗೆ ಹೋಗುತ್ತಾಳೆ.

“ಆಕೀದೇನೈತಿ, ಒಂದು ಸೀರಿ ಒಗದ್ರ ಮುಗೀತು” ಎಂದ ಅಣ್ಣ.

“ನಂದು ಹಂಗ ಮುಗಿಯೂದಿಲ್ರಿ. ನನಗ ರೊಕ್ಕಾನ ಬೇಕು, ಖಣ ಒಲ್ಲೆ” ಎಂದೆ. ಕೊಳ್ಳುವವರ ಎದುರಿಗೆ ಅವನು ಹೊಸ್ತಿಲು ಮುಟ್ಟಿ “ಆತು” ಎಂದು ಮಾತು ಕೊಟ್ಟ. ನಾನು ಅಬಲೂರಿಗೆ ಹೋಗಿ ತಂಗಿಯನ್ನು ಕರೆದುಕೊಂಡು ಬಂದೆ.

ಹಿರೇಕೆರೂರಿನ ನೋಂದಣಿ ಕಚೇರಿಯಲ್ಲಿ ಅಣ್ಣನ ಸಹಿಯಾಯಿತು. ಕೊಳ್ಳುವವರು ಕೊಟ್ಟ ರೊಕ್ಕ ಅವನ ಒಳಗಿಸೆ ಸೇರಿತು. ಕಾರಕೂನ ತಂಗಿಯ ಹೆಬ್ಬೆಟ್ಟಿಗೆ ಮಸಿ ಹಚ್ಚುತ್ತಿದ್ದ. ಆಗ ನಾನು ಕೈ ಚಾಚಿದೆ. ಅಣ್ಣ ಚೀಲಕ್ಕೆ ಕೈ ಹಾಕಿದ. ತೆಗೆದದ್ದೇನು? ಕಾಗದದಲ್ಲಿ ಸುತ್ತಿದ ಒಂದು ಖಣ!

ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಬೆಂಕಿ ಏರಿತು. “ಹೊಸ್ತಿಲಾ ಮುಟ್ಟಿದ್ದಿ, ನಾಚಿಕಿ ಆಗೂದಿಲ್ಲೇನು? ಊರೂರು ತಿರುಗಿ ಕಾಲು ಸವಸಿದಾಕಿ ನಾನು. ಈ ಖಣ ನೀನ ಹೊಲಿಸಿಕೊಂಡು ತೊಟ್ಕೋ!” ಎಂದು ಕೂಗಾಡಿದೆ.

“ಇದು ಕಚೇರಿ, ಗದ್ದಲ ಬ್ಯಾಡ” ಎಂದು ನೋಂದಣಿ ಸಾಹೇಬರು ಮೇಜು ಕುಟ್ಟಿದರು. ಮಸಿ ಹಚ್ಚಿದ ಹೆಬ್ಬೆಟ್ಟು ಮೇಲೆತ್ತಿ ಕುಳಿತ ತಂಗಿಯ ಕಡೆ ತಿರುಗಿ, ಎಲ್ಲರನ್ನೂ ಕೇಳುವಂತೆ ಕೇಳಿದರು, “ಯವ್ವಾ, ಯಾರ ಒತ್ತಾಯಾನೂ ಇಲ್ಲಲ್ಲ? ಖುಷಿಲೆ ಒತ್ತಾಕತ್ತೀಯಲ್ಲ?”

“ಖುಷಿ ಇನ್ನೂ ಬಂದಿಲ್ರಿ ಸಾಹೇಬ್ರ.”

“ಏನಂದಿ?” ಎಂದರು ಸಾಹೇಬರು.

“ನಮ್ಮಪ್ಪನ ಮನಿಗೆ ನನಗ ಒಂದು ಸೀರಿ. ಆ ಮನಿ ಮಾರಿಸಿಕೊಟ್ಟಾಕಿಗೆ ಒಂದು ಖಣ. ಸೀರಿಗೂ ಖಣಕ್ಕೂ ಜೋಡಿ ಛಲೋ ಕೂಡಿಸ್ಯಾನ್ರಿ ನಮ್ಮಣ್ಣ. ಮೊದಲ ಆಕಿ ರೊಕ್ಕ ಆಕಿಗೆ ಕೊಡ್ಲಿ. ಆಮ್ಯಾಲ ಖುಷಿ ಬರತೈತೇನು ನೋಡ್ತೇನಿ.”

ಅಣ್ಣ ಹಾರಿ ಬಂದು ಆಕೆಯ ಕೈ ಹಿಡಿದು ಕಾಗದದ ಕಡೆ ಎಳೆದ. “ಕೈ ಬಿಡೋ! ಒತ್ತಾಯ ಅಂದ್ರ ಇದ!” ಎಂದು ಸಾಹೇಬರು ಗುಡುಗಿದರು. ರೊಕ್ಕ ಕೊಟ್ಟು ಕುಳಿತಿದ್ದ ಕೊಳ್ಳುವವರು ಬೆವರತೊಡಗಿದರು. “ಯಪ್ಪಾ, ಕೊಟ್ಟ ಬಿಡ್ರಿ ಆಕೀದು, ಪುಣ್ಯಾ ಬರತೈತಿ” ಎಂದು ಗೋಗರೆದರು.

ಅಣ್ಣ ಗೋಡೆಯ ಕಡೆ ಮುಖ ಮಾಡಿ ಒಳಗಿಸೆಗೆ ಕೈ ಹಾಕಿದ. ಸಾಹೇಬರು, ಕಾರಕೂನರು, ಬಾಗಿಲಲ್ಲಿ ಇಣುಕುತ್ತಿದ್ದ ಊರ ದಲಾಲರು, ಎಲ್ಲರೂ ನೋಡುತ್ತಿದ್ದಂತೆ ನನ್ನ ದಲಾಲಿ ನನ್ನ ಅಂಗೈಗೆ ಬಿತ್ತು. ಇಷ್ಟು ವರ್ಷ ಜಗಳಾಡಿದವಳು ಎಲ್ಲರೆದುರಿಗೇ ಎರಡು ಸಲ ಎಣಿಸಿದೆ. ರೊಕ್ಕವನ್ನು ಸೆರಗಿಗೆ ಗಂಟು ಹಾಕಿಕೊಂಡೆ.

ಸಾಹೇಬರು ಗಡಿಯಾರ ನೋಡಿ ನಿಟ್ಟುಸಿರು ಬಿಟ್ಟರು. “ಈಗರ ಖುಷಿ ಬಂತಲ್ಲ ಯವ್ವಾ? ಒತ್ತು ಇನ್ನ.”

ತಂಗಿ ಮುಂದೆ ಬಾಗಿದಳು. ಆಕೆ ಬೆಳಿಗ್ಗೆ ಅಣ್ಣ ಕೊಟ್ಟಿದ್ದ ಹೊಸ ಸೀರೆಯನ್ನು ತನ್ನ ಚೀಲದಿಂದ ಎಳೆದು, ಅದರ ಅಂಚಿಗೆ ಹೆಬ್ಬೆಟ್ಟಿನ ಮಸಿಯನ್ನು ಸಾವಕಾಶವಾಗಿ ಒರೆಸಿಕೊಂಡು, ಕುರ್ಚಿ ಎಳೆದು ನೆಟ್ಟಗೆ ಕುಳಿತಳು.

“ಆಕೀದು ಮುಗೀತ್ರಿ ಸಾಹೇಬ್ರ” ಎಂದಳು. “ಈಗ ನಂದು ಮಾತಾಡೂಣ.”