ಖರ್ಚಿಲ್ಲದ ರಾಗಿ

ನನ್ನ ಮೊದಲ ಗೌರಿ ಹಬ್ಬ ಅಪಾಯಕ್ಕೆ ಸಿಕ್ಕಿದ್ದು ಅರವತ್ತರ ದಶಕದ ಒಂದು ಭಾನುವಾರ, ಮಧ್ಯಾಹ್ನ ಸರಿಯಾಗಿ ಒಂದು ಗಂಟೆ ಹತ್ತು ನಿಮಿಷಕ್ಕೆ. ಮದುವೆಯಲ್ಲಿ ಅಪ್ಪ ಕೊಡಿಸಿದ್ದ ಕೈಗಡಿಯಾರವನ್ನು ಅಡಿಗೆ ಮಾಡುವಾಗಲೂ ಬಿಚ್ಚದ ಕಾಲ ಅದು. ಹಾಗಾಗಿ ಈ ವಿಷಯದಲ್ಲಿ ನನ್ನನ್ನು ನಂಬಬಹುದು. ಮನುಷ್ಯ ಜಗಳವಾಡುವುದು ಹೊಟ್ಟೆ ಹಸಿದಾಗ ಎಂದು ಕಾಲೇಜಿನಲ್ಲಿ ನಮ್ಮ ಅರ್ಥಶಾಸ್ತ್ರದ ಮೇಷ್ಟ್ರು ಹೇಳುತ್ತಿದ್ದರು. ಪಾಪ, ಅವರು ಬೀಗರೂಟ ನೋಡಿದವರಲ್ಲವೆಂದು ಕಾಣುತ್ತದೆ. ನಮ್ಮ ಕಡೆಯ ದೊಡ್ಡ ಜಗಳಗಳೆಲ್ಲ ಎರಡನೆಯ ಹೋಳಿಗೆಗೆ ತುಪ್ಪ ಬಿದ್ದ ಮೇಲೆಯೇ ಶುರುವಾಗುವುದು.

ನನ್ನ ತವರು ಅಜ್ಜಂಪುರದ ಹತ್ತಿರ. ಎರೆಭೂಮಿ, ಜೋಳದ ಬೇಸಾಯ. ಕೊಟ್ಟ ಮನೆ ಬೀರೂರಿನ ಪಕ್ಕದ ಹಳ್ಳಿ. ಕೆಂಪು ನೆಲ, ರಾಗಿ. ಹೊಸ ಸೊಸೆಯಾದ ನನ್ನನ್ನು ಹಬ್ಬಕ್ಕೆ ಕರೆದೊಯ್ಯಲು ಅಪ್ಪ ಅಮ್ಮ ರೈಲಿನಲ್ಲಿ ಬಂದಿದ್ದರು. ಅದೇ ದಿನ ತರೀಕೆರೆಯಿಂದ ಅತ್ತೆಯ ತಮ್ಮನೂ ಬಂದಿದ್ದರು. ಅವರದು ಗದ್ದೆ. ಹೋಳಿಗೆ ಮುರಿಯುತ್ತ ಅವರು, "ಭತ್ತಕ್ಕೆ ಎಕರೆಗೆ ನೂರೈವತ್ತು ರೂಪಾಯಿ ಹಿಡೀತೈತೆ ಭಾವ. ನಿಮ್ಮ ಮಳೆ ಬೆಳೆಗೆ ಏನು ಮಹಾ ಖರ್ಚು?" ಎಂದುಬಿಟ್ಟರು.

"ರಾಗಿಗಾ? ಎಂಬತ್ತಕ್ಕೆ ಮುಗಿಸ್ತೀನಿ" ಎಂದರು ಮಾವ.

"ಎಂಬತ್ತಾ!" ಅಪ್ಪ ನಕ್ಕರು. "ನಮ್ಮ ಜೋಳ ಐವತ್ತು ದಾಟಲ್ಲ ಬೀಗ್ರೇ."

ಸೀರೆ ಕೊಂಡವರು ಬೆಲೆಯನ್ನು ಏರಿಸಿ ಹೇಳುತ್ತಾರೆ, ಬೇಸಾಯ ಮಾಡಿದವರು ಇಳಿಸಿ ಹೇಳುತ್ತಾರೆ. ಮಾವ ಗೊಬ್ಬರದ ಲೆಕ್ಕ ತೆಗೆದುಹಾಕಿದರು, ತಿಪ್ಪೆ ಮನೆಯದೇ ಎಂದು. ಅಪ್ಪ ಬಿತ್ತನೆಯನ್ನು ತೆಗೆದರು, ಬೀಜ ನಮ್ಮ ಗುಡಾಣದಲ್ಲಿ ತುಂಬಿಟ್ಟದ್ದೇ ಎಂದು. ಎತ್ತುಗಳು ನಮ್ಮ ಕೊಟ್ಟಿಗೆಯಲ್ಲೇ ಹುಟ್ಟಿದವು ಎಂದು ಮಾವ ಉಳುಮೆಯನ್ನೇ ಕೈಬಿಟ್ಟರು. "ಎತ್ತು ಹುಲ್ಲು ತಿನ್ನಲ್ವಾ?" ಎಂದು ನಾನು ಬಿ.ಎ. ಓದಿದ ಬಾಯಿ ತೆರೆದೆ. "ನೀ ಸುಮ್ನೆ ತುಪ್ಪ ಬಡ್ಸಮ್ಮ" ಎಂದರು ಅಪ್ಪ.

"ಕಳೆ ಕೀಳೋದು?" ಎಂದು ತರೀಕೆರೆಯವರು ಕೇಳಿದರು.

"ಅದೇನು ಖರ್ಚು? ಮನೆ ಹೆಂಗಸ್ರು ಕೀಳ್ತಾರೆ!" ಎಂದರು ಬೀಗರಿಬ್ಬರೂ ಒಟ್ಟಿಗೆ. ಆ ಮಧ್ಯಾಹ್ನ ಅವರು ಒಪ್ಪಿಕೊಂಡ ಮಾತು ಅದೊಂದೇ. ರಾಗಿಯೂ ಸೊನ್ನೆಗೆ ಬಂತು, ಜೋಳವೂ ಸೊನ್ನೆಗೆ ಬಂತು. ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. "ನಮ್ಮದು ನಿಜವಾದ ಸೊನ್ನೆ, ನಿಮ್ಮದು ಬುರುಡೆ ಸೊನ್ನೆ" ಎಂದರು ಮಾವ.

ಅಪ್ಪ ಎಲೆಯ ಮೇಲಿಂದ ಕೈ ಎತ್ತಿ ಒಂದು ಮಂಡಿ ಊರಿದರು. ಬೀಗರು ಅರ್ಧ ಊಟದಲ್ಲಿ ಎಲೆ ಬಿಟ್ಟು ಎದ್ದರೆ ಎರಡು ಮನೆಗಳ ನಡುವೆ ಹೋಗಿಬರುವುದು ಮುಗಿದಂತೆಯೇ. ಹಬ್ಬವೂ ಇಲ್ಲ, ತವರೂ ಇಲ್ಲ. ಇಂದಿಗೂ ತುಪ್ಪದ ಗಿಂಡಿ ಕಂಡರೆ ನನಗೆ ಆ ಮಂಡಿಯೇ ಕಣ್ಣ ಮುಂದೆ ಬರುತ್ತದೆ.

"ಕೂತ್ಕಳ್ಳಿ ಬೀಗ್ರೇ." ಅತ್ತೆಯ ದನಿ ಅದು. "ಖರ್ಚೇ ಇಲ್ದೆ ಬೆಳೆಯೋರನ್ನ ಹಂಗೆ ಕಳ್ಸೋಕಾಗ್ತದಾ? ರಾಗಿನೇ ಕಾಣ್ದಂಗೆ ಕಳೆ ಬಂದೈತೆ. ನಾಳೆಯಿಂದ ನೀವಿಬ್ರೂ ಕಿತ್ಬಿಡಿ. ನಾವು ಮನೇಲಿರ್ತೀವಿ."

ಬೀಗರ ಮುಂದೆ ಎಂದೂ ಬಾಯಿಬಿಡದ ನನ್ನ ಅಮ್ಮ ಸಾರಿನ ಸೌಟು ಕೆಳಗಿಟ್ಟಳು. "ಬೀಗಿತ್ತಿ ಹೇಳೋದು ಸರಿ ಕಣ್ರೀ. ಕಳೆ ಮುಗಿಯೋವರ್ಗೂ ನಾನೂ ಊರಿಗೆ ಬರಲ್ಲ, ಮಗಳೂ ಬರಲ್ಲ."

ಅಪ್ಪನ ಮಂಡಿ ಮಡಿಚಿಕೊಂಡಿತು. ಆದರೆ ನನ್ನ ಹಬ್ಬ ಈಗ ಕಳೆಯ ನಡುವೆ ಸಿಕ್ಕಿಹಾಕಿಕೊಂಡಿತು. ಬೆಂಕಿ ಹಚ್ಚಿದ ತರೀಕೆರೆಯವರು, ಗದ್ದೆಗೆ ನೀರು ಕಟ್ಟುವ ಸರದಿ ಇದೆಯೆಂದು ಕೈ ತೊಳೆದವರೇ ಸ್ಟೇಷನ್ನಿನ ದಾರಿ ಹಿಡಿದರು.

ಮರುದಿನ ಬೀಗರಿಬ್ಬರೂ ತಲೆಗೆ ಟವೆಲ್ ಸುತ್ತಿ ಹೊಲಕ್ಕೆ ಇಳಿದರು. ಮೊದಲು ಪೈಪೋಟಿಯ ಮೇಲೆ ಸಾಲು ಹಿಡಿದರು. ಬಿಸಿಲೇರುವ ಹೊತ್ತಿಗೆ ಪೈಪೋಟಿಯ ಮೇಲೆಯೇ ಹೊಂಗೆ ಮರದ ನೆರಳಿಗೆ ಬಂದರು. ದಾರಿಹೋಕರು ಗಾಡಿ ನಿಲ್ಲಿಸಿ, "ಏನ್ ಗೌಡ್ರೇ, ಬೀಗರೌತಣ ಹೊಲದಾಗೆ ಮಡಗಿದ್ದೀರಾ?" ಎಂದು ಕೇಳುತ್ತಿದ್ದರು. ರಾತ್ರಿ ಜಗಲಿಯ ಆ ತುದಿಯಿಂದ "ಅಯ್ಯಪ್ಪಾ", ಈ ತುದಿಯಿಂದ "ಅಮ್ಮಾ". ಸೊಂಟಕ್ಕೆ ಎಣ್ಣೆ ಬಿಸಿ ಮಾಡಿಕೊಟ್ಟು ಮನೆಯವರಿಗೂ ನಿದ್ದೆ ಇಲ್ಲ. ಹಬ್ಬ ಹತ್ತಿರ ಬರುತ್ತಿತ್ತು. ಕಳೆ ಮಾತ್ರ ಇದ್ದಲ್ಲೇ ಇತ್ತು.

ಕೊನೆಗೊಂದು ಸಂಜೆ ಮಾವ ಸೊಂಟ ಹಿಡಿದುಕೊಂಡು, "ಬೀಗ್ರೇ, ಎಕರೆಗೆ ಕಳೆದ್ದೇ ಇಪ್ಪತ್ತು ಹಾಕ್ಬೇಕಿತ್ತು" ಎಂದರು.

"ಇಪ್ಪತ್ತಾ? ನಮ್ಮನೆಯವಳ ಕೈಗೆ ಮೂವತ್ತು ಕೊಟ್ರೂ ಕಮ್ಮಿಯೇ."

"ಹಂಗಾದ್ರೆ ನಮ್ಮವಳ್ದು ನಲ್ವತ್ತು!"

ಪೈಪೋಟಿ ಮೇಲ್ಮುಖವಾಗಿ ಹೊರಟಿತು. ಎತ್ತು, ಬೀಜ, ಗೊಬ್ಬರ ಎಲ್ಲ ಒಂದೊಂದಾಗಿ ವಾಪಸು ಬಂದವು. ನೋಡನೋಡುತ್ತ ತರೀಕೆರೆಯ ಭತ್ತವೇ ಅಗ್ಗವಾಗಿ ಕಾಣತೊಡಗಿತು. "ಇದನ್ನೇ ಜಗಲಿ ಮೇಲೆ ನಾಕ್ ಜನದ ಮುಂದೆ ಹೇಳಿ, ಕಳೆ ನಾವು ಕೀಳ್ತೀವಿ" ಎಂದರು ಅತ್ತೆ. ಇಬ್ಬರೂ ಹೇಳಿದರು. ಕೇಳಿದ ಬೀದಿಯ ಗಂಡಸರೆಲ್ಲ ತಮ್ಮ ತಮ್ಮ ಮನೆಗಳತ್ತ ಅನುಮಾನದಿಂದ ನೋಡಿಕೊಂಡರು.

ಮರುದಿನ ಬೆಳಗ್ಗೆ ನಾವು ಹೆಂಗಸರು ಹೊರಟೆವು. ಬೀದಿಯ ಹೆಂಗಸರೆಲ್ಲ ಕರೆಯದೆಯೇ ಸೆರಗು ಕಟ್ಟಿಕೊಂಡು ಜೊತೆಯಾದರು. ಗೆದ್ದ ದಂಡು ಕೋಟೆಗೆ ನುಗ್ಗುವಂತೆ ಹೊಲಕ್ಕೆ ನುಗ್ಗಿದೆವು. ದೀಪ ಹಚ್ಚುವ ಹೊತ್ತಿಗೆ ಹೊಲವೆಲ್ಲ ಬಾಚಿದ ತಲೆಯಂತೆ ಸಾಲುಸಾಲಾಗಿ ಕಾಣುತ್ತಿತ್ತು. ನನ್ನ ಹಬ್ಬ ಉಳಿಯಿತು. ಅದುವರೆಗೆ ಪುಸ್ತಕದಿಂದ ಮಾತ್ರ ತಲೆ ಎತ್ತಿದ್ದ ನಾನು ಅಂದು ಹೊಲದಿಂದ ತಲೆ ಎತ್ತಿ ನಡೆದುಬಂದೆ. ತಲೆಯೊಂದೇ; ಸೊಂಟ ಏಳಲಿಲ್ಲ.

ಅಪ್ಪನಿಗೆ ಹೆಮ್ಮೆ ತಡೆಯಲಾಗಲಿಲ್ಲ. "ಬಿ.ಎ. ಓದಿದ ಮಗಳು ಕಳೆ ಕಿತ್ತವಳೆ. ಅವಳ್ದು ಎಷ್ಟು ಹಾಕ್ತೀರಿ ಬೀಗಿತ್ತಿ?"

ಅತ್ತೆ ಕಾಲು ತೊಳೆಯುತ್ತ ಹೇಳಿದರು: "ಅವಳ ಸಾಲ್ನಾಗೆ ಕಳೆ ಹಂಗೇ ಐತೆ, ರಾಗಿ ಹೋಗೈತೆ. ಅವಳನ್ನ ನಷ್ಟದ ಕಡೆ ಸೇರಿಸ್ಕಳ್ಳಿ."

ಬೀಗರಿಬ್ಬರೂ ಒಬ್ಬರ ಹೆಗಲ ಮೇಲೊಬ್ಬರು ಕೈಹಾಕಿಕೊಂಡು ನಕ್ಕರು. ಅಂದು ಮಲಗಿದವರು ಬೆಳಕು ಹರಿಯುವವರೆಗೆ ಮಗ್ಗುಲು ಕೂಡ ಬದಲಾಯಿಸಲಿಲ್ಲ. ಮನೆಯಲ್ಲಿ ಬಿಸಿ ಎಣ್ಣೆ ಕೇಳಿದ್ದು ಪದವೀಧರೆ ಒಬ್ಬಳೇ.