ಚೇಪಾಕ್ ಆಚೆಗೆ ಹೋಗುವವರು

ಮದರಾಸಿನಲ್ಲಿ ಟೆಸ್ಟ್ ಮ್ಯಾಚ್ ಆಡುವವರು ಇಪ್ಪತ್ತೆರಡು ಜನ ಎಂದು ರೇಡಿಯೋದವರು ಹೇಳುತ್ತಾರೆ. ಸುಳ್ಳು. ತ್ರಿಪ್ಲಿಕೇನ್ ಸ್ಟಾಪಿನಲ್ಲಿ ಬಸ್ಸಿಗೆ ಕಾಯುವ ನಾವೂ ಐದು ದಿನ ಆಡುತ್ತೇವೆ. ಚಪ್ಪಾಳೆ ತಟ್ಟುವವರಿಲ್ಲ, ಟೀ ವಿರಾಮ ಇಲ್ಲ, ಅಷ್ಟೇ ವ್ಯತ್ಯಾಸ. ಪ್ರತಿ ಮ್ಯಾಚಿಗೂ ಏನಾದರೊಂದು ನಮ್ಮ ತಲೆಗೆ ಬಂದೇ ಬರುತ್ತದೆ.

ಆ ವರ್ಷ ನಾನು ಪ್ಯಾರೀಸ್ ಕಾರ್ನರಿನ ಇನ್ಶೂರೆನ್ಸ್ ಆಫೀಸೊಂದಕ್ಕೆ ಹೊಸದಾಗಿ ಸೇರಿದ್ದೆ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಮ್ಯಾಚಿಗೆ ಮುಂಚೆ ಸೂಪರಿಂಟೆಂಡೆಂಟ್ ಕರೆದು, "ನೋಡಮ್ಮಾ, ನಿನ್ನ ಕನ್ಫರ್ಮೇಶನ್ ಪೇಪರ್ ನನ್ನ ಹತ್ತಿರ ಬಂದಿದೆ. ಇನ್ನೊಂದು ಸಲ ಲೇಟಾದರೆ ಸೈನ್ ಮಾಡೋದಿಲ್ಲ. ಮ್ಯಾಚು ಗೀಚು ಅಂತ ನನ್ನ ಹತ್ತಿರ ಹೇಳಕೂಡದು" ಎಂದರು. ಮ್ಯಾಚು ಶುರುವಾದ ಮೇಲೆ ಅವರ ಮೇಜಿನ ಡ್ರಾಯರ್ ಮಾತ್ರ ಬೆಳಗಿನಿಂದ ಸಂಜೆಯವರೆಗೆ ಸಣ್ಣ ದನಿಯಲ್ಲಿ ಕಾಮೆಂಟರಿ ಹೇಳುತ್ತಿತ್ತು. ಅದರ ಬಗ್ಗೆ ನಾವೂ ಏನೂ ಹೇಳಕೂಡದು.

ಬಾಳೆಗೊನೆಗೆ ಕಿಟಕಿ ಸೀಟು

ಅನ್ಯಾಯ ನೋಡಿ. ನಮ್ಮ ಬಸ್ಸು ಮೈಲಾಪುರದಲ್ಲಿ ಹೊರಟು, ತ್ರಿಪ್ಲಿಕೇನಿಗೆ ಬಂದು, ಸ್ಟೇಡಿಯಂ ಇರುವ ಚೇಪಾಕ್ ದಾಟಿ ಪ್ಯಾರೀಸಿಗೆ ಹೋಗುತ್ತದೆ. ಮ್ಯಾಚಿನವರು ಮೈಲಾಪುರದಲ್ಲೇ ಟೋಪಿ, ದುರ್ಬೀನು, ಮೊಸರನ್ನದ ಪೊಟ್ಟಣಗಳ ಸಮೇತ ತುಂಬಿಕೊಳ್ಳುತ್ತಾರೆ. ಆದ್ದರಿಂದ ಬಸ್ಸು ನಮ್ಮ ಸ್ಟಾಪಿನಲ್ಲಿ ನಿಲ್ಲುವುದಿಲ್ಲ. ಚೇಪಾಕಿನಲ್ಲಿ ಅಷ್ಟೂ ಜನ ಇಳಿದುಬಿಡುತ್ತಾರೆ. ಅಲ್ಲಿಂದ ಪ್ಯಾರೀಸಿನವರೆಗೆ ಅದೇ ಬಸ್ಸು ಗಾಳಿ ಹೊತ್ತುಕೊಂಡು ಹೋಗುತ್ತದೆ! ವರ್ಷವಿಡೀ ಅದರಲ್ಲೇ ಓಡಾಡುವ ನಾವು ರಸ್ತೆಯಲ್ಲಿ.

ಚೇಪಾಕಿಗೇ ನಡೆದುಹೋಗಿ ಹತ್ತಬಾರದೇ ಎನ್ನಬೇಡಿ. ಅಲ್ಲಿ ಪೊಲೀಸರು ಸರ್ವೆ ಮರದ ಕಂಬಗಳ ಬೇಲಿ ಕಟ್ಟಿ, ಇಳಿದವರನ್ನು ನೇರ ಸ್ಟೇಡಿಯಂ ಗೇಟಿಗೆ ಅಟ್ಟುತ್ತಿದ್ದರು. ಹತ್ತುವವರು ಅಂತಲೂ ಒಂದು ಜಾತಿ ಇದೆಯೆಂದು ಅವರಿಗೆ ಗೊತ್ತೇ ಇರಲಿಲ್ಲ.

ಮೊದಲ ದಿನ ಬಸ್ಸಿನ ಮೇಲೆ ಬಸ್ಸು ನಿಲ್ಲದೆ ಹೋದಾಗ ನಾನು ಓಡುತ್ತಾ ನಡೆಯುತ್ತಾ ಹೇಗೋ ಬೆಲ್ಲಿಗೆ ಸರಿಯಾಗಿ ಆಫೀಸು ಮುಟ್ಟಿದೆ. ಮೈಲಾಪುರದಿಂದ ಬರುವ ಸಹೋದ್ಯೋಗಿ ಮುಡಿದ ಮಲ್ಲಿಗೆ ಬಾಡದೆ ಕೂತಿದ್ದಳು.

"ಚೇಪಾಕ್ ಆದ್ಮೇಲೆ ಎಷ್ಟು ಆರಾಮ ಗೊತ್ತೇನೇ! ನಾನು, ಕಂಡಕ್ಟರು, ಕೊತ್ವಾಲ್ ಬಜಾರಿಗೆ ಹೋಗೋ ಒಂದು ಬಾಳೆಗೊನೆ. ಗೊನೆಗೂ ಕಿಟಕಿ ಸೀಟು!"

ಸಂಜೆ ಮನೆಯಲ್ಲಿ ಗೋಳು ಹೇಳಿಕೊಂಡೆ. ಅಪ್ಪ ಸಮಾಧಾನವಾಗಿ, "ಪಾಪ, ಅವರು ವರ್ಷಕ್ಕೊಂದು ಸಲ ಹೋಗೋರು. ನೀನು ದಿನಾ ಹೋಗ್ತೀಯಲ್ಲ ಮರಿ, ಸ್ವಲ್ಪ ಅಡ್ಜಸ್ಟ್ ಮಾಡ್ಕೋ" ಎಂದರು.

ರೈಲ್ವೆಯಲ್ಲಿದ್ದ ಅಪ್ಪ ಐದು ದಿನಕ್ಕೂ ರಜ ಹಾಕಿದ್ದರು.

ದುಡ್ಡು ಹೋಯಿತು, ಸ್ಕೋರ್ ಬಂತು

ನಮ್ಮೂರ ಬಸ್ಸಿನಲ್ಲಿ ಕಂಡಕ್ಟರ್ ಹಿಂದೆ ಕೂತಿರುತ್ತಾರೆ. ಮುಂದೆ ನಿಂತವರು ಚಿಲ್ಲರೆ ಕೊಟ್ಟರೆ ಅದು ಕೈಯಿಂದ ಕೈಗೆ ಹಿಂದೆ ಹೋಗಿ, ಟಿಕೆಟ್ಟಾಗಿ ಕೈಯಿಂದ ಕೈಗೆ ಮುಂದೆ ಬರುತ್ತದೆ. ಮ್ಯಾಚಿಲ್ಲದ ದಿನ.

ಎರಡನೇ ದಿನ ಸಂಜೆ ಆಫೀಸಿನಿಂದ ಬರುವಾಗ ಲೇಡೀಸ್ ಸೀಟಿನಲ್ಲಿ ಟ್ರಾನ್ಸಿಸ್ಟರ್ ಹಿಡಿದ ಮೀಸೆಯವನೊಬ್ಬ ಕೂತಿದ್ದ. ಸೌಕಾರ್‌ಪೇಟೆಯ ಸ್ಕೂಲಿನಲ್ಲಿ ಟೀಚರಾಗಿದ್ದ, ನಮ್ಮ ಸ್ಟಾಪಿನ ಮಾಮಿ ಅವನ ಮುಂದೆ ನಿಂತು, "ಏಳಪ್ಪಾ" ಎಂದರು. (ಮಾಮಿಯ ತಮಿಳನ್ನು ಕನ್ನಡಕ್ಕೆ ತಂದರೆ ಅರ್ಧ ಖಾರ ಹೋಗುತ್ತದೆ. ಉಳಿದರ್ಧ ಇದು.)

"ಈ ಓವರ್ ಒಂದು ಮುಗೀಲಿ ಮಾಮಿ, ಈ ಕಿಟಕಿ ಹತ್ತಿರ ಮಾತ್ರ ಸರಿಯಾಗಿ ಕೇಳುತ್ತೆ."

ಅಷ್ಟರಲ್ಲಿ ನಾನು ಕೊಟ್ಟ ಚಿಲ್ಲರೆ ಹಿಂದಕ್ಕೆ ಹೋಯಿತು. ಸ್ವಲ್ಪ ಹೊತ್ತಿಗೆ ಯಾರೋ ನನ್ನ ಭುಜದ ಹಿಂದೆ, "ಆರು ವಿಕೆಟ್!" ಎಂದು ಮುಂದೆ ದಾಟಿಸಿದರು. ಟಿಕೆಟ್ ಬರಲಿಲ್ಲ. ಕೇಳಲು ನನಗೆ ಬಾಯಿ ಬರಲಿಲ್ಲ.

ಸರಿಯಾಗಿ ಆಗಲೇ ಚೆಕಿಂಗ್ ಇನ್‌ಸ್ಪೆಕ್ಟರ್ ಹತ್ತಿದರು. "ಟಿಕೆಟ್?" ನಾನು ಬೆವರುತ್ತಾ ಹಿಂದಕ್ಕೆ ಕೈ ತೋರಿಸಿದೆ. ಮಾಮಿ ನಡುವೆ ಬಂದರು.

"ಆ ಮಗು ಇಲ್ಲಿಂದ ದುಡ್ಡು ಕಳಿಸಿತು, ಅಲ್ಲಿಂದ ಸ್ಕೋರ್ ಬಂತು. ಬೇಕಾದರೆ ಅದನ್ನೇ ಚೆಕ್ ಮಾಡ್ಕೊಳ್ಳಿ."

ಇನ್‌ಸ್ಪೆಕ್ಟರ್ ನನ್ನನ್ನು ಬಿಟ್ಟು ಮೀಸೆಯವನ ಕಡೆ ಬಗ್ಗಿದರು. "ಆರೇನಾ? ಔಟಾದವನು ಯಾರು?"

ಹಿಂದೆ ಖಾಲಿ ಬಸ್ಸು ಬರುತ್ತೆ

ಇನ್ನು ಸಹಿಸಬಾರದು ಎಂದು ಮಾಮಿ ಒಂದು ಉಪಾಯ ಹೂಡಿದರು. ಮೂರನೇ ದಿನ ಬೆಳಿಗ್ಗೆ ಬೇಗ ಎದ್ದು ಎದುರು ದಿಕ್ಕಿನ ಬಸ್ಸಿನಲ್ಲಿ ಮೈಲಾಪುರಕ್ಕೆ ಹೋಗುವುದು, ಬಸ್ಸು ಹೊರಡುವಲ್ಲೇ ಸೀಟು ಹಿಡಿಯುವುದು. "ಯಾರಿಗೂ ಹೇಳಬೇಡ ಕಂದಾ" ಎಂದರು.

ಮೈಲಾಪುರದಲ್ಲಿ ಇಳಿದು ನೋಡಿದರೆ ತ್ರಿಪ್ಲಿಕೇನ್ ಸ್ಟಾಪಿಗೆ ಸ್ಟಾಪೇ ಅಲ್ಲಿ ನಿಂತಿದೆ! ಮಾಮಿ ಒಬ್ಬೊಬ್ಬರಿಗೂ ಗುಟ್ಟಾಗಿ ಹೇಳಿದ್ದರು. ಮ್ಯಾಚಿನವರು, ನಾವು, ಮೈಲಾಪುರದವರು ಎಲ್ಲ ಒಂದೇ ಬಾಗಿಲಿಗೆ ನುಗ್ಗಿದೆವು. ನಮ್ಮಲ್ಲಿ ಕೆಲವರಿಗೆ ಸೀಟೂ ಸಿಕ್ಕಿತು.

ಬಸ್ಸು ನಮ್ಮ ಸ್ಟಾಪಿಗೆ ಬಂದಾಗ ಅಲ್ಲಿ ಪೋರ್ಟ್ ಆಫೀಸಿಗೆ ಹೋಗುವ ಮುದುಕರೊಬ್ಬರೇ ಕೊಡೆ ಎತ್ತಿಕೊಂಡು ನಿಂತಿದ್ದರು. ಕಿವಿ ಮಂದ, ಗುಟ್ಟು ಅವರಿಗೆ ತಲುಪಿರಲಿಲ್ಲ. ನಿಲ್ಲಿಸದೆ ಹೋಗುವ ಡ್ರೈವರನ್ನು ಎರಡು ದಿನ ಬೈದಿದ್ದ ನಮ್ಮವರೇ ಈಗ ಫುಟ್‌ಬೋರ್ಡಿನಿಂದ ಅವರಿಗೆ ಕೈ ಬೀಸಿ ಕೂಗಿದರು:

"ಜಾಗ ಇಲ್ಲ ತಾತಾ! ಹಿಂದೆ ಖಾಲಿ ಬಸ್ಸು ಬರುತ್ತೆ!"

ಲೇಡೀಸ್‌ಗೆ ದಾರಿ ಬಿಡಿ

ಕೊನೆಯ ದಿನ. ಮೈಲಾಪುರದ ಗುಟ್ಟು ನಾಲ್ಕನೇ ದಿನಕ್ಕೇ ಊರಿಗೆಲ್ಲ ಹಬ್ಬಿ ಕೆಲಸಕ್ಕೆ ಬಾರದಾಗಿತ್ತು. ಅವತ್ತೊಂದು ದಿನ ಹೊತ್ತಿಗೆ ಸರಿಯಾಗಿ ಹೋದರೆ ನಾನು ಗೆದ್ದಂತೆ. ಪವಾಡವೆಂಬಂತೆ ಬಸ್ಸು ನಮ್ಮ ಸ್ಟಾಪಿನಲ್ಲೇ ನಿಂತಿತು. ಇದ್ದದ್ದು ಒಂದು ಕಾಲಿಡುವಷ್ಟು ಜಾಗ. ಮಾಮಿ, "ನನ್ನ ಕೆಲಸ ಯಾವತ್ತೋ ಪರ್ಮನೆಂಟ್ ಆಗಿದೆ, ನೀನು ಹತ್ತು" ಎಂದು ನನ್ನನ್ನು ಒಳಕ್ಕೆ ತಳ್ಳಿ ತಾವು ರಸ್ತೆಯಲ್ಲೇ ಉಳಿದರು.

ಚೇಪಾಕಿನಲ್ಲಿ ಬಸ್ಸಿಗೆ ಬಸ್ಸೇ ಇಳಿಯಿತು, ಜೊತೆಗೆ ನಾನೂ. ನನ್ನ ಕಾಲು ನೆಲ ಮುಟ್ಟುವ ಹೊತ್ತಿಗೆ ಸರ್ವೆ ಕಂಬಗಳ ನಡುವೆ ಇದ್ದೆ. ಕಷ್ಟಕಾಲಕ್ಕೆ ಕಾನ್ವೆಂಟಿನ ಸಿಸ್ಟರ್‌ಗಳು ನನಗೆ ಕಲಿಸಿದ್ದು ಒಂದೇ ಮಾತು. "ಎಕ್ಸ್‌ಕ್ಯೂಸ್ ಮೀ" ಎಂದೆ. ಹಿಂದಕ್ಕೆ ಹೋಗಬೇಕು ಎಂಬುದು ನನ್ನ ಅರ್ಥ. ಮುಂದಕ್ಕೆ ಎಂದು ಅವರೆಲ್ಲ ತಿಳಿದರು. ಪೊಲೀಸಿನವನು, "ಲೇಡೀಸ್! ಲೇಡೀಸ್‌ಗೆ ದಾರಿ ಬಿಡಿ!" ಎಂದು ಕೂಗಿದ. ಬಸ್ಸಿನ ಲೇಡೀಸ್ ಸೀಟಿನಲ್ಲಿ ಐದು ದಿನ ಬೇರುಬಿಟ್ಟು ಕೂತಿದ್ದ ಅದೇ ಗಂಡಸರು ಎರಡು ಭಾಗವಾಗಿ ಸರಿದು, "ಹೋಗಮ್ಮಾ, ಹೋಗು" ಎಂದು ನನ್ನನ್ನು ಗೇಟಿಗೆ ಮುಟ್ಟಿಸಿದರು.

ಗೇಟಿನವನು ಕೈ ಚಾಚಿದ. ಕೈಯಲ್ಲಿದ್ದದ್ದನ್ನು ಕೊಟ್ಟೆ.

"ಇದು ಬಸ್ ಟಿಕೆಟಲ್ವೇನಮ್ಮಾ?"

"ನನಗೆ ಬೇಕಾಗಿರೋದೂ ಬಸ್ಸೇ!" ಆ ಐದು ದಿನದಲ್ಲಿ ನಾನು ಗಟ್ಟಿಯಾಗಿ ಆಡಿದ ಮೊದಲ ಮಾತು.

ಹಿಂದೆ ನಿಂತಿದ್ದವನು ಟ್ರಾನ್ಸಿಸ್ಟರಿನ ಮೀಸೆಯವನು. "ಪಾಪ, ಟಿಕೆಟ್ ಇಲ್ಲ ಅಂತ ಅಳ್ತಿದೆ ಮಗು. ನನ್ನ ಭಾವಮೈದ ಬರಲಿಲ್ಲ, ಅವನದು ಇದೆ, ತಗೋಮ್ಮಾ" ಎಂದ. ಬಸ್ಸಿನಲ್ಲಿ ಸೀಟು ಬಿಡದವನು ಸ್ಟೇಡಿಯಮ್ಮಿನಲ್ಲಿ ಸೀಟು ಕೊಡಲು ಬಂದ!

"ಬೇಡ. ಆಫೀಸಿಗೆ ಲೇಟಾಯಿತು" ಎಂದು ಕಂಬದ ಕೆಳಗೆ ನುಸುಳಿ ಓಡಿದೆ.

ಆಫೀಸಿನ ಬೆಲ್ಲು ಆಗಿ ಬಹಳ ಹೊತ್ತಾಗಿತ್ತು. ಸೂಪರಿಂಟೆಂಡೆಂಟ್ ಮುಂದೆ ನನ್ನ ಪೇಪರ್ ಇತ್ತು. "ಏನು ಕಾರಣ?"

"ಮ್ಯಾಚ್ ಸಾರ್. ಗೇಟಿನವರೆಗೆ ಎಳಕೊಂಡು ಹೋದರು."

"ಗೇಟಿನವರೆಗೆ? ಟಿಕೆಟ್ ಇರಲಿಲ್ಲ ಅಂತ ವಾಪಸ್ ಬಂದೆಯಾ?"

"ಒಬ್ಬರು ಕೊಡೋಕೆ ಬಂದರು ಸಾರ್. ನಾನೇ ಬೇಡ ಅಂದೆ."

ಟೈಪ್‌ರೈಟರುಗಳೆಲ್ಲ ನಿಂತವು. ಸೂಪರಿಂಟೆಂಡೆಂಟ್ ಐದು ದಿನದಲ್ಲಿ ಮೊದಲ ಸಲ ಡ್ರಾಯರಿನ ಬಾಯಿ ಮುಚ್ಚಿದರು. "ಕೊನೇ ದಿನದ ಟಿಕೆಟ್ಟು. ಕೈಗೆ ಬಂದದ್ದು. ಬೇಡ ಅಂದು ಇಲ್ಲಿಗೆ ಬಂದೆ?"

"ಹೌದು ಸಾರ್."

ಅವರು ಹೆಡ್ ಕ್ಲರ್ಕ್ ಕಡೆ ತಿರುಗಿ ಪೆನ್ನಿಗೆ ಕೈ ಚಾಚಿದರು.

"ಕೊಡಿ ಇಲ್ಲಿ, ಈಗಲೇ ಪರ್ಮನೆಂಟ್ ಮಾಡಿಬಿಡ್ತೀನಿ. ಈ ಹುಡುಗಿ ಆಫೀಸ್ ಬಿಟ್ಟು ಬೇರೆ ಯಾವುದಕ್ಕೂ ಲಾಯಕ್ಕಿಲ್ಲ."