ಡಿಫೆಂಡರ್ ಟೆರಿಯವರ ಬಯೋಡೇಟಾ

ಇದ್ದದ್ದನ್ನು ಇದ್ದ ಹಾಗೆ ಬರೆಯುವುದು ನನ್ನಿಂದಾಗದ ಕೆಲಸ. ತಪ್ಪು ನನ್ನದಲ್ಲ, ನಾನು ಓದಿದ ಕಾನ್ವೆಂಟಿನದು. ಹಸುವಿನ ಮೇಲೆ ಪ್ರಬಂಧ ಬರೆದರೆ, ಮೂರು ವಿಶೇಷಣಗಳಾದರೂ ಇಲ್ಲದ ಹಸುವಿಗೆ ನಮ್ಮ ಸಿಸ್ಟರ್ ಅಂಕ ಕೊಡುತ್ತಿರಲಿಲ್ಲ. ಮುಂದೆ ಮೈಸೂರಿನಲ್ಲಿ ನೆಂಟರ ಮಕ್ಕಳ ಮದುವೆಯ ಬಯೋಡೇಟಾಗಳೆಲ್ಲ ನನ್ನ ಕೈಯಿಂದಲೇ ಹೋದವು. ಅವುಗಳಲ್ಲಿ ಸಿಡುಕರು ಒಬ್ಬರೂ ಇಲ್ಲ; ಎಲ್ಲರೂ ‘ಗಂಭೀರ ಸ್ವಭಾವದವರು’.

ಹಾಗಾಗಿ ಈಗ ನಾವಿರುವ ಜಪಾನಿನ ಎಡೋಗಾವಾದಲ್ಲಿ ನಮ್ಮ ಮಕ್ಕಳ ಫುಟ್‌ಬಾಲ್ ಕ್ಲಬ್ಬಿನ ಪೋಷಕರ ಮುಖ್ಯಸ್ಥೆ ಮೋರಿ-ಸಾನ್, “ನಿಮಗೆ ಇಂಗ್ಲಿಷ್ ಬರುತ್ತದೆ, ಟೆರಿ ಕೋಚ್ ಆಡಿದ ಆಟದ ವಿವರವನ್ನು ಒಂದು ಪುಟದಲ್ಲಿ ಬರೆದುಕೊಡಿ” ಎಂದಾಗ ಹಿಗ್ಗಿಹೋದೆ. ಕೆಲಸ ಮಾತ್ರ ಹಗುರವಾಗಿರಲಿಲ್ಲ. ವಿಶ್ವವಿದ್ಯಾಲಯದ ತಂಡದಲ್ಲಿ ಗೋಲುಗಳನ್ನು ಸುರಿಸಿದ್ದ ಯುವಕನೊಬ್ಬ ತಾನು ಕೋಚ್ ಆಗುತ್ತೇನೆಂದು ಬಂದಿದ್ದ. ಇಂಗ್ಲೆಂಡಿನಿಂದ ಬಂದ ಈಗಿನ ಕೋಚ್ ಟೆರಿ, ಈ ಹೊಸ ಯುವಕ, ಇಬ್ಬರಲ್ಲಿ ಒಬ್ಬರನ್ನು ಪೋಷಕರ ಸಭೆ ಆರಿಸಬೇಕಿತ್ತು. ನನ್ನ ಮಗಳಿಗೋ, ಮಂಡಿಯೂರಿ ಎಲ್ಲರ ಬೂಟಿನ ಲೇಸು ಕಟ್ಟಿಕೊಡುವ ಟೆರಿಯೇ ಬೇಕು. “ಅಮ್ಮ, ಟೆರಿ ಕೋಚ್ ಹೋದ್ರೆ ಐ ಕ್ವಿಟ್” ಎಂದುಬಿಟ್ಟಳು.

ಮೈದಾನದ ಬದಿಯಲ್ಲಿ ಟೆರಿಗೆ ಬಾರ್ಲಿ ಚಹಾ ಕೊಟ್ಟು, ಎಷ್ಟು ಗೋಲು ಹೊಡೆದಿದ್ದೀರೆಂದು ಕೇಳಿದೆ.

“ನಾನು ಡಿಫೆಂಡರ್. ಹೊಡೆಯುವವರನ್ನು ತಡೆಯುವುದು ನನ್ನ ಕೆಲಸ.”

“ಏನಾದರೂ ಗೆದ್ದಿದ್ದೀರಾ?”

ತುಂಬ ಯೋಚಿಸಿದರು. “ಒಂದು ವರ್ಷ ನಾವು ಕೆಳಗಿನ ದರ್ಜೆಗೆ ಬೀಳಲಿಲ್ಲ.” ಆ ವರ್ಷದ ಕೊನೆಯ ಪಂದ್ಯದಲ್ಲಿ ಗೋಲಿನ ಗೆರೆಯ ಮೇಲಿಂದ ಚೆಂಡನ್ನು ತಲೆಯಿಂದ ಹೊರಗಟ್ಟುವಾಗ ಮುಖ ಕಂಬಕ್ಕೆ ಬಡಿದು ಎರಡು ಹಲ್ಲು ಹೋದವಂತೆ. ಹೇಳುವಾಗ ಅವರ ಮುಖದಲ್ಲಿ ಹಬ್ಬದ ಕಳೆ.

ಹದಿನಾಲ್ಕು ವರ್ಷ, ಒಂಬತ್ತು ಕ್ಲಬ್ಬು, ಎಲ್ಲವೂ ಇಂಗ್ಲೆಂಡಿನ ಮೂರನೆಯ, ನಾಲ್ಕನೆಯ ದರ್ಜೆಯವು. ನಾನು ‘ಅನೇಕ ಪ್ರತಿಷ್ಠಿತ ಕ್ಲಬ್ಬುಗಳು ಬಯಸಿ ಕರೆದ ಪ್ರಖ್ಯಾತ ಆಟಗಾರ’ ಎಂದು ಬರೆದೆ. ನನ್ನವರು ಓದಿ, “ಏನೇ ಇದು, ಟೆರಿಗೆ ಹುಡುಗಿ ಹುಡುಕ್ತಿದ್ದೀಯಾ? ಅವ್ರಿಗೆ ಆಲ್‌ರೆಡಿ ಮದ್ವೆ ಆಗಿದೆ” ಎಂದರು.

ಮೋರಿ-ಸಾನ್ ನಗಲಿಲ್ಲ. ಪುಟದ ತುಂಬ ಪುಟ್ಟ ಹಳದಿ ಚೀಟಿ ಅಂಟಿಸಿ ಹಿಂದಿರುಗಿಸಿದರು. ‘ಪ್ರಖ್ಯಾತ’ದ ಪಕ್ಕದಲ್ಲಿ: “ದಯವಿಟ್ಟು, ಯಾವ ಊರಿನಲ್ಲಿ?” ‘ಬಯಸಿ ಕರೆದ’ದ ಪಕ್ಕದಲ್ಲಿ: “ಬಿಟ್ಟು ಕಳಿಸಿದ ಕ್ಲಬ್ಬುಗಳೆಷ್ಟು?” ನನ್ನ ಕಿವಿ ಬಿಸಿಯಾಯಿತು. ಟೆರಿಗೆ ತೋರಿಸಿದರೆ, “ಹಲ್ಲಿನ ವಿಷಯವನ್ನೇ ಬಿಟ್ಟಿದ್ದೀರಲ್ಲ” ಎಂದು ಬೇಸರಪಟ್ಟರು.

ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ವಿಶೇಷಣಗಳನ್ನೆಲ್ಲ ಆರಿಸಿ ತೆಗೆದೆ. ಸಭೆಯಲ್ಲಿ ಓದಿದಾಗ ಉಳಿದಿದ್ದು ಇಷ್ಟೇ: ಹದಿನಾಲ್ಕು ವರ್ಷ ಆಡಿದರು. ಒಂಬತ್ತು ಕ್ಲಬ್ಬುಗಳಲ್ಲಿ ಐದು ಅವರನ್ನು ಕೈಬಿಟ್ಟವು. ಪ್ರತಿಸಲವೂ ಇನ್ನೊಂದು ಊರಿಗೆ ಹೋಗಿ ಅಭ್ಯಾಸಕ್ಕೆ ನಿಂತರು. ಎರಡು ಹಲ್ಲು ಕಳೆದುಕೊಂಡರು. ಒಮ್ಮೆ ತಂಡವನ್ನು ಉಳಿಸಿದರು.

ಕಾಗದ ಮಡಚಿದೆ. ಮುಗಿಯಿತು, ಮಗಳಿಗೆ ಏನು ಹೇಳಲಿ ಎಂದುಕೊಳ್ಳುತ್ತಿದ್ದೆ. ಹಿಂದಿನ ಸಾಲಿನಿಂದ ಒಬ್ಬ ತಂದೆ ಮೆಲ್ಲಗೆ ಕೇಳಿದರು: “ಐದು ಸಲ ಕೈಬಿಟ್ಟರೂ ಅವರು ಆಟ ಬಿಡಲಿಲ್ಲವೇ?”

“ಬಿಡಲಿಲ್ಲ” ಎಂದೆ.

ಮೊದಲು ಮೇಲೆದ್ದದ್ದು ಮೋರಿ-ಸಾನ್ ಅವರ ಕೈ. ಟೆರಿ ಉಳಿದರು.

ಆ ಸಂತೋಷಕ್ಕೆ ಅವರು ತಾಯಂದಿರದೊಂದು ಪಂದ್ಯ ಏರ್ಪಡಿಸಿ, “ನನ್ನ ಕೆಲಸ ನಿಮಗೆ ಅರ್ಥವಾಗಿದೆ” ಎಂದು ನನ್ನನ್ನೇ ಡಿಫೆಂಡರ್ ಮಾಡಿ ನಿಲ್ಲಿಸಿದರು. ಎದುರು ತಂಡದ ಮೋರಿ-ಸಾನ್ ಚೆಂಡನ್ನು ಕಾಲಲ್ಲಿ ತಳ್ಳುತ್ತ ನೇರ ನನ್ನತ್ತಲೇ ಓಡಿಬಂದರು. ಹತ್ತಿರ ಬಂದವರೇ, ರೂಢಿಯಂತೆ, “ಸುಮಿಮಾಸೆನ್” ಎಂದರು; ಕ್ಷಮಿಸಿ, ಸ್ವಲ್ಪ ದಾರಿ ಬಿಡಿ ಎಂದು. ಅಷ್ಟು ವಿನಯವಾಗಿ ಕೇಳಿದವರಿಗೆ ಅಡ್ಡ ನಿಲ್ಲುವುದು ಹೇಗೆ? ತಲೆಬಾಗಿ ಪಕ್ಕಕ್ಕೆ ಸರಿದು ದಾರಿ ಬಿಟ್ಟೆ. ಗೋಲಾದ ಮೇಲೆ ಅವರು ಮರೆಯದೆ ಹಿಂದೆ ಬಂದು ಅರಿಗಾತೋ ಎಂದು ಧನ್ಯವಾದ ಹೇಳಿದರು. ನಾನೂ ಬಾಗಿ, ಅದರಲ್ಲೇನಿದೆ ಬಿಡಿ ಎಂದೆ.